ಹಸುಗೂಸಿನ ಎದೆಯಲ್ಲಿ ತುಂಬುವ ದುಗ್ಧರಸ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಎಳೆಯ ಮಕ್ಕಳ ಎದೆಯಲ್ಲಿ ಹಾಲಿನಂಥ ನೀರು ತುಂಬಿಕೊಳ್ಳುವ ತೊಂದರೆಯ ಬಗ್ಗೆ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಂದ ಬಂದಿರುವ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಕಾಯಿಲೆ ಅಪರೂಪದ್ದು. ಆದರೆ ಅದು ಬಂದ ಮನೆಯಲ್ಲಿ ತಾಯಿಯ ಹಾಲನ್ನೇ ನಿಲ್ಲಿಸಬೇಕಾಗುವುದರಿಂದ, ಬೇರೆ ಕಾಯಿಲೆಗಳಲ್ಲಿ ಕಾಣದಷ್ಟು ಗೊಂದಲ ಮತ್ತು ಸಂಕಟ ಅಲ್ಲಿ ಉಂಟಾಗುತ್ತದೆ. ಪತ್ರ ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ಡಾಕ್ಟರೇ, ನನ್ನ ಮಗನಿಗೆ ಈಗ ಮೂರು ತಿಂಗಳು. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿದ್ದುದರಿಂದ ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ಎಲ್ಲವೂ ಸರಿಯಾಗಿದೆ ಎಂದೇ ಹೇಳಿದ್ದರು. ನಾನು ಹಿಂಡಿಕೊಟ್ಟ ಹಾಲನ್ನು ಮೂಗಿನ ನಳಿಕೆಯ ಮೂಲಕ ಕೊಡಲು ಆರಂಭಿಸಿದ ಮೇಲೆ ಎದೆಗೆ ಹಾಕಿದ್ದ ಪೈಪಿನಲ್ಲಿ ಬರುತ್ತಿದ್ದ ನೀರು ಬೆಳ್ಳಗಾಯಿತು. ಆಗಿನಿಂದ ನನ್ನ ಹಾಲನ್ನು ನಿಲ್ಲಿಸಿ ಬೇರೊಂದು ಪುಡಿ ಹಾಲನ್ನು ಕೊಡುತ್ತಿದ್ದಾರೆ. ನನ್ನ ಹಾಲಿಗೆ ನಂಜಾಗಿದೆ, ಬಾಣಂತನದಲ್ಲಿ ಬಾಯಿ ಕಟ್ಟದೆ ಬೆಣ್ಣೆ ದೋಸೆ ತಿಂದದ್ದರಿಂದಲೇ ಹೀಗಾಯಿತು ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ. ಇದು ನಿಜವೇ? ನನ್ನ ಮಗು ಮತ್ತೆ ನನ್ನ ಹಾಲು ಕುಡಿಯುವುದೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ನಿಮ್ಮ ಹಾಲಿಗೆ ಯಾವ ನಂಜೂ ಆಗಿಲ್ಲ. ನೀವು ತಿಂದ ದೋಸೆಗೂ ಮಗುವಿನ ಎದೆಯಲ್ಲಿ ತುಂಬಿದ ನೀರಿಗೂ ಯಾವ ಸಂಬಂಧವೂ ಇಲ್ಲ. ಈ ಎರಡು ಮಾತುಗಳನ್ನು ನಿಮ್ಮ ಮನೆಯ ಹಿರಿಯರಿಗೆ ಓದಿ ಹೇಳಿ. ಕಾಯಿಲೆ ಹೇಗೆ ಬರುತ್ತದೆ ಎಂಬುದು ತಿಳಿದರೆ ಅವರೂ ನಿಮ್ಮನ್ನು ದೂರುವುದನ್ನು ಬಿಡುತ್ತಾರೆಂಬ ನಂಬಿಕೆ ನನಗಿದೆ.

ನಮ್ಮ ಮೈಯಲ್ಲಿ ರಕ್ತನಾಳಗಳಲ್ಲದೆ ಇನ್ನೊಂದು ನಾಳಗಳ ಜಾಲವಿದೆ. ರಕ್ತನಾಳಗಳಿಂದ ಜೀವಕೋಶಗಳ ನಡುವೆ ಜಿನುಗಿದ ದ್ರವದಲ್ಲಿ ಉಳಿದುಹೋದ ಭಾಗವನ್ನು ಒಟ್ಟುಮಾಡಿ ಮತ್ತೆ ರಕ್ತಕ್ಕೆ ಸೇರಿಸುವುದು ಅದರ ಕೆಲಸ. ಭದ್ರಾ ಅಚ್ಚುಕಟ್ಟಿನಲ್ಲಿ ಗದ್ದೆಗೆ ನೀರು ತರುವ ನಾಲೆ ಬೇರೆ, ಗದ್ದೆಯಿಂದ ಜಿನುಗಿದ ನೀರನ್ನು ಹಳ್ಳಕ್ಕೆ ಒಯ್ಯುವ ಬಸಿಗಾಲುವೆ ಬೇರೆ ಇರುವುದನ್ನು ನೀವು ನೋಡಿರುತ್ತೀರಿ. ದುಗ್ಧನಾಳಗಳು ದೇಹದ ಬಸಿಗಾಲುವೆಗಳು. ಇವುಗಳಿಗೆ ಇನ್ನೊಂದು ವಿಶೇಷ ಹೊಣೆಯೂ ಇದೆ. ನಾವು ತಿಂದ ಆಹಾರದಲ್ಲಿನ ಸಕ್ಕರೆ ಮತ್ತು ಪ್ರೋಟೀನುಗಳು ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರಿ ಯಕೃತ್ತಿಗೆ ಹೋದರೆ, ಕೊಬ್ಬಿನ ಬಹುಪಾಲು ಸಣ್ಣ ಸಣ್ಣ ಕಣಗಳಾಗಿ ದುಗ್ಧನಾಳಗಳ ದಾರಿ ಹಿಡಿಯುತ್ತದೆ. ಈ ಕೊಬ್ಬಿನ ಕಣಗಳಿಂದಲೇ ದುಗ್ಧನಾಳಗಳಲ್ಲಿ ಹರಿಯುವ ದ್ರವಕ್ಕೆ, ಅಂದರೆ ದುಗ್ಧರಸಕ್ಕೆ, ಹಾಲಿನ ಬಣ್ಣ ಬರುತ್ತದೆ. ಹೊಟ್ಟೆ ಮತ್ತು ಕಾಲುಗಳ ಕಡೆಯಿಂದ ಬರುವ ಸಣ್ಣ ನಾಳಗಳೆಲ್ಲ ಸೇರಿ ಒಂದು ಮುಖ್ಯ ನಾಳವಾಗುತ್ತವೆ. ಅದು ಬೆನ್ನುಮೂಳೆಯ ಮುಂಭಾಗದಲ್ಲಿ, ಮಹಾಪಧಮನಿಯ ಪಕ್ಕದಲ್ಲಿಯೇ ಎದೆಯೊಳಗೆ ಏರಿ, ಮೊದಲು ಬಲಕ್ಕೂ ಅನಂತರ ಐದನೆಯ ಎದೆಮೂಳೆಯ ಮಟ್ಟದಲ್ಲಿ ಎಡಕ್ಕೂ ಹೊರಳಿ, ಕೊನೆಗೆ ಕತ್ತಿನ ಎಡಭಾಗದ ಬುಡದಲ್ಲಿರುವ ದೊಡ್ಡ ಅಭಿಧಮನಿಗೆ ಸೇರುತ್ತದೆ. ಹಸುಗೂಸಿನಲ್ಲಿ ಈ ನಾಳ ದಾರದ ಎಳೆಯಷ್ಟು ತೆಳ್ಳಗಿರುವುದರಿಂದ, ಹೃದಯದ ಮತ್ತು ಮಹಾಪಧಮನಿಯ ಸುತ್ತ ಕೆಲಸ ಮಾಡುವ ಎಷ್ಟೇ ನುರಿತ ಶಸ್ತ್ರಚಿಕಿತ್ಸಕರಿಗೂ ಅದರ ಕವಲೊಂದು ಕಣ್ಣಿಗೆ ಬೀಳದೆ ಗಾಯಗೊಳ್ಳುವ ಸಂಭವವಿರುತ್ತದೆ.

ಗಾಯವೊಂದೇ ಕಾರಣವಾಗಬೇಕೆಂದಿಲ್ಲ. ಹೃದಯದ ಬಲಭಾಗದಲ್ಲಿ ಒತ್ತಡ ಹೆಚ್ಚಿದ್ದರೆ, ಅಥವಾ ಔಷಧಿ ಕೊಡಲೆಂದು ಕತ್ತಿನ ಅಭಿಧಮನಿಗೆ ಹಾಕಿದ್ದ ನಳಿಕೆಯ ಸುತ್ತ ರಕ್ತ ಹೆಪ್ಪುಗಟ್ಟಿದ್ದರೆ, ದುಗ್ಧರಸಕ್ಕೆ ಹೋಗಿ ಸೇರಲು ಜಾಗವಿಲ್ಲದೆ ಅದು ಎದೆಗೂಡಿನೊಳಕ್ಕೆ ಸೋರುತ್ತದೆ. ಶ್ವಾಸಕೋಶದ ಹೊರಗೆ ಹೀಗೆ ದುಗ್ಧರಸ ತುಂಬುವುದಕ್ಕೆ ಕೈಲೋಥೊರಾಕ್ಸ್ ಎಂದು ಹೆಸರು. ಮಕ್ಕಳ ಹೃದಯ ಶಸ್ತ್ರಚಿಕಿತ್ಸೆಯ ಅನಂತರ ನೂರಕ್ಕೆ ಸುಮಾರು ಎರಡರಿಂದ ಐದು ಮಕ್ಕಳಲ್ಲಿ ಇದು ಕಾಣಿಸಿಕೊಳ್ಳುತ್ತದೆ. ಹಾಲು ಕೊಡುವ ಮುನ್ನ ಸೋರಿಕೆ ಇದ್ದರೂ ಬಣ್ಣವಿಲ್ಲದ ಕಾರಣ ಅದು ಗಮನಕ್ಕೆ ಬರುವುದಿಲ್ಲ. ಹಾಲು ಆರಂಭಿಸಿದ ಮೇಲೆ ಬಿಳಿಯಾಗಿ ಹೊರಗೆ ಕಾಣುತ್ತದೆ. ನಿಮ್ಮ ಹಾಲು ಸೋರಿಕೆಯನ್ನು ತೋರಿಸಿಕೊಟ್ಟಿತೇ ಹೊರತು ಉಂಟುಮಾಡಲಿಲ್ಲ.

ಹಾಗಿದ್ದರೆ ಹಾಲನ್ನು ಏಕೆ ನಿಲ್ಲಿಸಿದರು ಎಂದು ನೀವು ಕೇಳಬಹುದು. ನೂರು ಮಿಲಿಲೀಟರ್ ಎದೆಹಾಲಿನಲ್ಲಿ ಸುಮಾರು ಮೂರೂವರೆಯಿಂದ ನಾಲ್ಕು ಗ್ರಾಂ ಕೊಬ್ಬಿರುತ್ತದೆ. ಅದರಲ್ಲಿ ಹೆಚ್ಚಿನದು ಉದ್ದ ಸರಪಳಿಯ ಕೊಬ್ಬಾದ್ದರಿಂದ ದುಗ್ಧನಾಳದ ಮೂಲಕವೇ ಸಾಗುತ್ತದೆ. ಪ್ರತಿ ಸಲ ಹಾಲು ಕೊಟ್ಟಾಗಲೂ ಆ ನಾಳದಲ್ಲಿ ಹರಿವು ಹೆಚ್ಚುವುದರಿಂದ ಗಾಯ ಮಾಯಲು ಬಿಡುವೇ ಸಿಗುವುದಿಲ್ಲ. ಈಗ ಕೊಡುತ್ತಿರುವ ಪುಡಿ ಹಾಲಿನಲ್ಲಿ ಕೊಬ್ಬಿನ ದೊಡ್ಡ ಪಾಲು ಮಧ್ಯಮ ಸರಪಳಿಯದ್ದು. ಆಸ್ಪತ್ರೆಯವರು ಅದನ್ನು ಎಂಸಿಟಿ ಎನ್ನುತ್ತಾರೆ. ಈ ಬಗೆಯ ಕೊಬ್ಬು ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗುವ ರಕ್ತನಾಳವನ್ನು ಸೇರುತ್ತದೆ. ಮಗುವಿಗೆ ಶಕ್ತಿಯೂ ದೊರೆಯುತ್ತದೆ, ದುಗ್ಧನಾಳಕ್ಕೆ ವಿಶ್ರಾಂತಿಯೂ ದೊರೆಯುತ್ತದೆ. ಶಸ್ತ್ರಚಿಕಿತ್ಸೆಯ ಅನಂತರ ಬಂದ ಸೋರಿಕೆ ಬಹುಪಾಲು ಮಕ್ಕಳಲ್ಲಿ ಈ ಆಹಾರ ಬದಲಾವಣೆ ಮತ್ತು ಎದೆಯ ಪೈಪು, ಇವೆರಡರಿಂದಲೇ ನಿಲ್ಲುತ್ತದೆ. ಸೋರಿಕೆ ನಿಂತ ಮೇಲೂ ನಾಳ ಪೂರ್ತಿ ಗಟ್ಟಿಯಾಗಲೆಂದು ಇದೇ ಆಹಾರವನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಗಳವರೆಗೆ ಮುಂದುವರಿಸುವುದು ರೂಢಿ. ಇತ್ತೀಚೆಗೆ ಕೆಲವು ಆಸ್ಪತ್ರೆಗಳು ಈ ಅವಧಿಯನ್ನು ಕಡಿಮೆ ಮಾಡಿವೆ. ಅನಂತರ ನಿಮ್ಮ ಹಾಲನ್ನು ಮತ್ತೆ ಆರಂಭಿಸಿ, ಎದೆಯ ಎಕ್ಸ್‌ರೇ ಅಥವಾ ಸ್ಕ್ಯಾನ್ ಮಾಡಿ, ನೀರು ಮತ್ತೆ ತುಂಬಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ. ಬಹುತೇಕ ಮಕ್ಕಳು ತಾಯಿಯ ಹಾಲಿಗೆ ಮರಳುತ್ತಾರೆ.

ಮಗು ಮರಳುವಾಗ ಹಾಲು ಇರಬೇಕಲ್ಲವೇ? ಇದನ್ನು ನಾನು ಒತ್ತಿ ಹೇಳಬೇಕಾಗಿದೆ. ಹಾಲು ಕೊಡುವುದು ನಿಂತಿತೆಂದು ಹಿಂಡುವುದನ್ನೂ ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಹಾಲು ಬತ್ತತೊಡಗುತ್ತದೆ. ಹಗಲಿನಲ್ಲಿ ಎರಡು ಮೂರು ಗಂಟೆಗೊಮ್ಮೆ, ರಾತ್ರಿ ಕನಿಷ್ಠ ಒಮ್ಮೆ, ಒಟ್ಟು ದಿನಕ್ಕೆ ಎಂಟು ಸಲದಷ್ಟು ಕೈಯಿಂದಲೋ ಪಂಪಿನಿಂದಲೋ ಹಾಲು ತೆಗೆಯಿರಿ. ತೆಗೆದ ಹಾಲನ್ನು ಶುದ್ಧವಾದ ಮುಚ್ಚಳದ ಪಾತ್ರೆಯಲ್ಲಿ ದಿನಾಂಕ ಬರೆದಿಟ್ಟರೆ ಫ್ರಿಜ್ಜಿನಲ್ಲಿ 24 ಗಂಟೆ, ಆಸ್ಪತ್ರೆಯ ಮೈನಸ್ 20 ಡಿಗ್ರಿಯ ಡೀಪ್ ಫ್ರೀಜರಿನಲ್ಲಿ ಮೂರು ತಿಂಗಳವರೆಗೆ ಇಡಬಹುದು. ಹೊರಗೆ ನಾಲ್ಕು ಗಂಟೆ ಇಡಬಹುದೆಂದು ಹೇಳುವುದುಂಟು. ನಮ್ಮ ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಆ ಲೆಕ್ಕವನ್ನು ನಂಬಬೇಡಿ. ಚಿಕಿತ್ಸೆ ಆರಂಭವಾದ ದಿನವೇ ಈ ಮಾತನ್ನು ತಾಯಿಗೆ ಹೇಳುವುದು ಪ್ರತಿ ಐಸಿಯು ಸಿಬ್ಬಂದಿಯ ಕರ್ತವ್ಯವೆಂದು ನಾನು ಭಾವಿಸುತ್ತೇನೆ. ಪೈಪು, ವೆಂಟಿಲೇಟರ್‌ಗಳ ನಡುವೆ ತಾಯಿಯನ್ನು ಮರೆತರೆ, ಮಗು ಗುಣವಾಗುವ ಹೊತ್ತಿಗೆ ಹಾಲು ಇಲ್ಲವಾಗಿರುತ್ತದೆ.

ಇನ್ನೊಂದು ದಾರಿಯನ್ನೂ ವೈದ್ಯರಲ್ಲಿ ವಿಚಾರಿಸಿ. ಹಿಂಡಿದ ಎದೆಹಾಲನ್ನು ತಂಪಿನಲ್ಲಿ ಸೆಂಟ್ರಿಫ್ಯೂಜ್ ಯಂತ್ರಕ್ಕೆ ಹಾಕಿ ತಿರುಗಿಸಿದರೆ ಕೊಬ್ಬು ಮೇಲಕ್ಕೆ ಬಂದು ಪದರವಾಗುತ್ತದೆ. ಅದನ್ನು ತೆಗೆದು ಉಳಿದ ಹಾಲಿಗೆ ಎಂಸಿಟಿ ಎಣ್ಣೆಯನ್ನೂ ಜೀವಸತ್ವಗಳನ್ನೂ ಬೆರೆಸಿ ಮಗುವಿಗೆ ಕೊಡುವ ವ್ಯವಸ್ಥೆ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿದೆ. ಹೀಗೆ ಮಾಡಿದಾಗ ಎದೆಹಾಲಿನ ರೋಗನಿರೋಧಕ ಅಂಶಗಳು ಬಹುಪಾಲು ಉಳಿಯುತ್ತವೆ. ಆದರೆ ಅಡುಗೆಮನೆಯಲ್ಲಿ ಹಾಲು ಕಾಯಿಸಿ ಕೆನೆ ತೆಗೆದರೆ ಈ ಕೆಲಸ ಆಗುವುದಿಲ್ಲ. ಕೆನೆ ತೆಗೆದ ಹಸುವಿನ ಹಾಲಂತೂ ಈ ವಯಸ್ಸಿನ ಮಗುವಿಗೆ ಖಂಡಿತ ಸಲ್ಲದು.

ನೀವು ಬಾಯಿ ಕಟ್ಟಬೇಕಾಗಿಲ್ಲ. ತಾಯಿ ಎಣ್ಣೆ, ಬೆಣ್ಣೆ ಬಿಟ್ಟರೆ ಹಾಲಿನಲ್ಲಿರುವ ಕೊಬ್ಬಿನ ಬಗೆ ಸ್ವಲ್ಪ ಬದಲಾಗಬಹುದು, ಪ್ರಮಾಣ ಈ ಕಾಯಿಲೆಗೆ ಉಪಯೋಗವಾಗುವಷ್ಟು ಇಳಿಯುವುದಿಲ್ಲ. ಮುದ್ದೆ, ಸೊಪ್ಪಿನ ಸಾರು, ಬೇಳೆ, ಮೊಟ್ಟೆ, ಹಾಲು, ಮೊಸರು ಎಲ್ಲವನ್ನೂ ಹೊಟ್ಟೆ ತುಂಬ ಉಣ್ಣಿ. ಆಸೆಯಾದರೆ ಬೆಣ್ಣೆ ದೋಸೆಯನ್ನೂ ತಿನ್ನಿ.

ಪ್ರಶ್ನೆ: ಮಾನ್ಯ ವೈದ್ಯರಿಗೆ ನಮಸ್ಕಾರ. ಬಸುರಿಯಾಗಿದ್ದ ನನ್ನ ಮೊಮ್ಮಗಳಿಗೆ ಏಳನೆಯ ತಿಂಗಳಿನಲ್ಲಿ ಸ್ಕ್ಯಾನ್ ಮಾಡಿದಾಗ ಹೊಟ್ಟೆಯಲ್ಲಿರುವ ಮಗುವಿನ ಎದೆಯಲ್ಲಿ ನೀರಿದೆ ಎಂದರು. ಹುಟ್ಟಿದ ಕೂಡಲೇ ಮಗು ಉಸಿರಾಡಲು ಕಷ್ಟಪಟ್ಟದ್ದರಿಂದ ಎದೆಯಿಂದ ನೀರು ತೆಗೆದರು. ನಾನೇ ಕಣ್ಣಾರೆ ನೋಡಿದಂತೆ ಅದು ತಿಳಿ ಹಳದಿಯಾಗಿತ್ತು, ಹಾಲಿನಂತಿರಲಿಲ್ಲ. ಆದರೂ ದುಗ್ಧರಸ ಎಂದೇ ಹೇಳುತ್ತಿದ್ದಾರೆ. ಇದು ಹೇಗೆ ಸಾಧ್ಯ? ಮೊಮ್ಮಗಳನ್ನು ಸೋದರಮಾವನಿಗೇ ಕೊಟ್ಟು ಮದುವೆ ಮಾಡಿದ್ದೇವೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?
– ಒಬ್ಬ ಹಿರಿಯರು, ಹಿರಿಯೂರು

ಉತ್ತರ: ಹಿರಿಯರೇ, ನೀವು ಕಂಡದ್ದೂ ಸರಿ, ವೈದ್ಯರು ಹೇಳಿದ್ದೂ ಸರಿ. ಇಟಲಿಯ ವೈದ್ಯ ಗಾಸ್ಪರೆ ಅಸೆಲ್ಲಿ 1622ರಲ್ಲಿ ಚೆನ್ನಾಗಿ ಉಣಿಸಿದ್ದ ನಾಯಿಯೊಂದರ ಹೊಟ್ಟೆಯನ್ನು ತೆರೆದಾಗ ಕರುಳಿನ ಸುತ್ತ ಬಿಳಿಯ ನಾಳಗಳನ್ನು ಕಂಡರು. ಉಪವಾಸವಿದ್ದ ನಾಯಿಯಲ್ಲಿ ಅವು ಕಾಣಿಸಲಿಲ್ಲ. ಆ ನಾಳಗಳು ಸೇರಿ ಎದೆಯ ಮೂಲಕ ಮೇಲೇರುವ ಮುಖ್ಯ ನಾಳವನ್ನು ಫ್ರಾನ್ಸಿನ ಜ್ಯಾನ್ ಪೆಕೆ 1651ರಲ್ಲಿ ವಿವರಿಸಿದರು. ಬಿಳುಪು ಬರುವುದು ಊಟದ ಕೊಬ್ಬಿನಿಂದ. ಇನ್ನೂ ಹಾಲನ್ನೇ ಕುಡಿಯದ ಕೂಸಿನ ದುಗ್ಧರಸದಲ್ಲಿ ಕೊಬ್ಬು ಇರುವುದಿಲ್ಲ, ಆದ್ದರಿಂದ ಅದು ಹೊನ್ನಿನ ಬಣ್ಣದ ತಿಳಿನೀರಾಗಿಯೇ ಇರುತ್ತದೆ.

ಹೀಗಾಗಿ ಬಣ್ಣವನ್ನು ನೋಡಿ ನಿರ್ಧರಿಸದೆ ದ್ರವವನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕು. ಒಂದು ಘನ ಮಿಲಿಮೀಟರಿನಲ್ಲಿ 1000ಕ್ಕಿಂತ ಹೆಚ್ಚು ಜೀವಕೋಶಗಳಿದ್ದು, ಅವುಗಳಲ್ಲಿ ಶೇಕಡ 80ಕ್ಕಿಂತ ಹೆಚ್ಚು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳೇ ಆಗಿದ್ದರೆ ಅದು ದುಗ್ಧರಸವೆಂದು ಬಹುಮಟ್ಟಿಗೆ ಹೇಳಬಹುದು. ಮಗು ಹಾಲು ಕುಡಿಯಲು ಆರಂಭಿಸಿದ ಮೇಲೆ ಟ್ರೈಗ್ಲಿಸರೈಡ್ ಎಂಬ ಕೊಬ್ಬಿನ ಪ್ರಮಾಣ ಡೆಸಿಲೀಟರಿಗೆ 110 ಮಿಲಿಗ್ರಾಂ ದಾಟಿದರೆ ಅನುಮಾನಕ್ಕೆ ಎಡೆ ಉಳಿಯುವುದಿಲ್ಲ.

ಹುಟ್ಟಿನಿಂದಲೇ ಬರುವ ಈ ತೊಂದರೆ ಬಹಳ ವಿರಳ. ಕೆಲವರಲ್ಲಿ ದುಗ್ಧನಾಳಗಳು ಗರ್ಭದಲ್ಲಿಯೇ ಸರಿಯಾಗಿ ಬೆಳೆದಿರುವುದಿಲ್ಲ. ಕೆಲವರಲ್ಲಿ ಡೌನ್, ಟರ್ನರ್ ಅಥವಾ ನೂನನ್ ಸಿಂಡ್ರೋಮ್ ಎಂಬ, ವರ್ಣತಂತು ಅಥವಾ ವಂಶವಾಹಿಯ ದೋಷದಿಂದ ಬರುವ ಸ್ಥಿತಿಗಳ ಜೊತೆಗೆ ಇದು ಬರುತ್ತದೆ. ಎಷ್ಟೋ ಮಕ್ಕಳಲ್ಲಿ ಕಾರಣ ಸಿಗುವುದೇ ಇಲ್ಲ. ಆದ್ದರಿಂದ ಹೃದಯದ ಎಕೋ ಪರೀಕ್ಷೆ ಮತ್ತು ವರ್ಣತಂತುಗಳ ಪರೀಕ್ಷೆಯನ್ನು ವೈದ್ಯರು ಸೂಚಿಸಿದರೆ ಅದು ಅನಗತ್ಯ ಖರ್ಚೆಂದು ತಿಳಿಯಬೇಡಿ. ಗರ್ಭದಲ್ಲಿಯೇ ನೀರು ಬಹಳವಾಗಿ ತುಂಬಿದರೆ ಶ್ವಾಸಕೋಶ ಬೆಳೆಯಲು ಜಾಗ ಸಾಲದು, ಮಗುವಿನ ಮೈಯೆಲ್ಲ ಊದಿಕೊಳ್ಳುವುದೂ ಉಂಟು. ಅಂಥ ಹೊತ್ತಿನಲ್ಲಿ ಗರ್ಭದಲ್ಲಿರುವಾಗಲೇ ಸೂಜಿಯಿಂದ ನೀರು ತೆಗೆಯುವ, ಇಲ್ಲವೆ ಸಣ್ಣ ನಳಿಕೆ ಇಡುವ ಚಿಕಿತ್ಸೆಯನ್ನು ಭ್ರೂಣ ತಜ್ಞರು ಮಾಡುತ್ತಾರೆ. ಸ್ಕ್ಯಾನಿನಲ್ಲಿ ನೀರು ಕಂಡ ಮೇಲೆ ಹೆರಿಗೆಯನ್ನು ನವಜಾತ ಶಿಶುಗಳ ತೀವ್ರ ನಿಗಾ ಘಟಕವಿರುವ ಆಸ್ಪತ್ರೆಯಲ್ಲಿಯೇ ಮಾಡಿಸಬೇಕು. ಹುಟ್ಟಿದ ಮೊದಲ ನಿಮಿಷಗಳಲ್ಲಿಯೇ ಉಸಿರಾಟಕ್ಕೆ ನೆರವು ಬೇಕಾಗಬಹುದಾದ ಕೂಸನ್ನು ಆಂಬುಲೆನ್ಸಿನಲ್ಲಿ ಹಾಕಿಕೊಂಡು ಹೆದ್ದಾರಿಯಲ್ಲಿ ಓಡುವುದಕ್ಕಿಂತ, ತಾಯಿಯ ಹೊಟ್ಟೆಯಲ್ಲಿರುವಾಗಲೇ ಸರಿಯಾದ ಜಾಗಕ್ಕೆ ಕರೆದೊಯ್ಯುವುದು ಬಹಳ ಸುರಕ್ಷಿತ.

ಸೋದರ ಸಂಬಂಧದ ಮದುವೆಯ ಬಗ್ಗೆ ನೇರವಾಗಿ ಕೇಳಿದ್ದೀರಿ, ನಾನೂ ನೇರವಾಗಿ ಹೇಳುತ್ತೇನೆ. ಈ ಮಗುವಿಗೆ ಅದರಿಂದಲೇ ಬಂದಿದೆ ಎಂದು ಪರೀಕ್ಷೆಯಿಲ್ಲದೆ ಹೇಳಲಾಗದು. ಆದರೆ ದುಗ್ಧನಾಳಗಳ ಕೆಲವು ಹುಟ್ಟುದೋಷಗಳಲ್ಲಿ ತಂದೆ ಮತ್ತು ತಾಯಿ ಇಬ್ಬರಿಂದಲೂ ದೋಷವುಳ್ಳ ಒಂದೇ ವಂಶವಾಹಿ ಬಂದಾಗ ಮಾತ್ರ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಮತ್ತು ಒಂದೇ ರಕ್ತಸಂಬಂಧದಲ್ಲಿ ಮದುವೆಯಾದಾಗ ಹಾಗೆ ಆಗುವ ಸಂಭವ ಹೆಚ್ಚು. ಮುಂದಿನ ಬಸಿರಿಗೆ ಮುನ್ನ ಆ ದಂಪತಿಯನ್ನು ವಂಶವಾಹಿ ಸಲಹಾ ಕೇಂದ್ರಕ್ಕೆ ಕಳುಹಿಸಿ. ಈಗ ಯಾರನ್ನೂ ದೂರುವುದರಿಂದ ಮಗುವಿಗೆ ಪ್ರಯೋಜನವಿಲ್ಲ.

ಪ್ರಶ್ನೆ: ಸರ್, ನನ್ನ ಮಗಳಿಗೆ ಎರಡು ತಿಂಗಳು, ತೂಕ ನಾಲ್ಕು ಕೆಜಿ. ಎದೆಗೆ ಪೈಪು ಹಾಕಿ ಮೂರು ವಾರವಾದರೂ ದಿನಕ್ಕೆ ಇನ್ನೂರು ಮಿಲಿಗಿಂತ ಹೆಚ್ಚು ನೀರು ಬರುತ್ತಿದೆ. ಎಂಸಿಟಿ ಹಾಲಿನಿಂದ ಕಡಿಮೆಯಾಗಲಿಲ್ಲವೆಂದು ಬಾಯಿಗೆ ಏನನ್ನೂ ಕೊಡದೆ ಗ್ಲೂಕೋಸ್, ಪ್ರೋಟೀನ್ ಎಲ್ಲವನ್ನೂ ರಕ್ತನಾಳದಲ್ಲಿಯೇ ಕೊಡುತ್ತಿದ್ದಾರೆ. ಆಕ್ಟ್ರಿಯೊಟೈಡ್ ಎಂಬ ಇಂಜೆಕ್ಷನ್ ಕೊಟ್ಟು ನೋಡೋಣ, ಆಗದಿದ್ದರೆ ಆಪರೇಷನ್ ಎನ್ನುತ್ತಿದ್ದಾರೆ. ಒಪ್ಪಬಹುದೇ? ಇಷ್ಟು ನೀರು ಹೊರಗೆ ಹೋದರೆ ಮಗು ಬಡವಾಗುವುದಿಲ್ಲವೇ?
– ಒಬ್ಬ ತಂದೆ, ಹೊಳಲ್ಕೆರೆ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಪೈಪಿನಲ್ಲಿ ಹೊರಗೆ ಹೋಗುತ್ತಿರುವುದು ಬರಿಯ ನೀರಲ್ಲ. ಅದರಲ್ಲಿ ಪ್ರೋಟೀನ್, ಸೋಡಿಯಂ, ಕ್ಯಾಲ್ಸಿಯಂ, ಎ, ಡಿ, ಇ, ಕೆ ಜೀವಸತ್ವಗಳು, ರಕ್ತ ಹೆಪ್ಪುಗಟ್ಟುವುದನ್ನು ಹತೋಟಿಯಲ್ಲಿಡುವ ಅಂಶಗಳು, ರೋಗಗಳೊಡನೆ ಹೋರಾಡುವ ಪ್ರತಿಕಾಯಗಳು ಮತ್ತು ಲಿಂಫೋಸೈಟ್‌ಗಳು ಇರುತ್ತವೆ. ವಾರಗಟ್ಟಲೆ ಇವು ನಷ್ಟವಾದರೆ ಮಗು ಸೊರಗುತ್ತದೆ, ಮೈ ಊದಿಕೊಳ್ಳುತ್ತದೆ, ಸೋಂಕಿಗೆ ಸುಲಭವಾಗಿ ತುತ್ತಾಗುತ್ತದೆ. ಆದ್ದರಿಂದ ಹೊರಗೆ ಹೋದದ್ದನ್ನು ಅಳೆದು, ಅಲ್ಬುಮಿನ್ ಎಂಬ ಪ್ರೋಟೀನ್, ಲವಣಗಳು ಮತ್ತು ಅಗತ್ಯವಿದ್ದರೆ ಇಮ್ಯುನೊಗ್ಲಾಬ್ಯುಲಿನ್ ಎಂಬ ಪ್ರತಿಕಾಯಗಳನ್ನು ಮರಳಿ ಕೊಡುವುದು ಚಿಕಿತ್ಸೆಯ ಅರ್ಧ ಭಾಗ. ರಕ್ತದಲ್ಲಿ ಅಲ್ಬುಮಿನ್, ಸೋಡಿಯಂ, ಲಿಂಫೋಸೈಟ್ ಎಣಿಕೆ ಎಷ್ಟಿವೆ ಎಂದು ನೀವು ವೈದ್ಯರನ್ನು ಕೇಳಬಹುದು. ಕೇಳುವ ಹಕ್ಕು ನಿಮಗಿದೆ.

ಸಾಮಾನ್ಯವಾಗಿ ಕೆಜಿ ತೂಕಕ್ಕೆ ದಿನಕ್ಕೆ ಹತ್ತು ಮಿಲಿಗಿಂತ ಕಡಿಮೆ ನೀರು ಬಂದಾಗ ಪೈಪು ತೆಗೆಯುವ ಆಲೋಚನೆ ಮಾಡುತ್ತಾರೆ. ನಿಮ್ಮ ಮಗಳ ಲೆಕ್ಕದಲ್ಲಿ ಅದು ನಲವತ್ತು ಮಿಲಿ. ಇನ್ನೂರು ದಾಟಿರುವುದು ಹೆಚ್ಚಿನ ಸೋರಿಕೆಯೇ. ಬಾಯಿಯಿಂದ ಆಹಾರ ನಿಲ್ಲಿಸಿ ಟಿಪಿಎನ್, ಅಂದರೆ ಪೋಷಣೆಯೆಲ್ಲವನ್ನೂ ರಕ್ತನಾಳದ ಮೂಲಕ, ಕೊಡುವುದು ಸರಿಯಾದ ಮುಂದಿನ ಹೆಜ್ಜೆ, ಏಕೆಂದರೆ ಬರಿಯ ನೀರು ಕುಡಿಸಿದರೂ ದುಗ್ಧನಾಳದ ಹರಿವು ಸ್ವಲ್ಪ ಹೆಚ್ಚುತ್ತದೆ. ರಕ್ತನಾಳದ ಮೂಲಕ ಕೊಡುವ ಕೊಬ್ಬು ಈ ನಾಳವನ್ನು ಮುಟ್ಟುವುದಿಲ್ಲವಾದ್ದರಿಂದ ಅದಕ್ಕೆ ನೀವು ಅಂಜಬೇಕಾಗಿಲ್ಲ. ಮೆದುಳಿನ ಬೆಳವಣಿಗೆಗೆ ಅದು ಬೇಕು.

ಔಷಧಿಗೆ ಒಪ್ಪುವ ಮೊದಲು ಒಂದು ಪ್ರಶ್ನೆಗೆ ಉತ್ತರ ಪಡೆಯಿರಿ: ಕತ್ತಿನ ಮತ್ತು ಎದೆಯ ದೊಡ್ಡ ಅಭಿಧಮನಿಗಳಲ್ಲಿ ರಕ್ತ ಹೆಪ್ಪುಗಟ್ಟಿಲ್ಲವೆಂದು ಸ್ಕ್ಯಾನ್ ಮತ್ತು ಎಕೋ ಮೂಲಕ ನೋಡಿದ್ದಾರೆಯೇ? ಅಲ್ಲಿ ಅಡ್ಡಿಯಿದ್ದರೆ ಮೊದಲು ಅದನ್ನು ನಿವಾರಿಸಬೇಕು. ಅದನ್ನು ಬಿಟ್ಟು ಬೇರೆ ಏನು ಮಾಡಿದರೂ ಸೋರಿಕೆ ನಿಲ್ಲುವುದು ಕಷ್ಟ.

ಆಕ್ಟ್ರಿಯೊಟೈಡ್ ಎಂಬುದು ದೇಹದಲ್ಲಿಯೇ ಇರುವ ಸೊಮ್ಯಾಟೊಸ್ಟ್ಯಾಟಿನ್ ಎಂಬ ಹಾರ್ಮೋನಿನ ಕೃತಕ ರೂಪ. ಅದು ಕರುಳಿಗೆ ಹೋಗುವ ರಕ್ತದ ಹರಿವನ್ನೂ ಜೀರ್ಣರಸಗಳನ್ನೂ ತಗ್ಗಿಸಿ, ಆ ಮೂಲಕ ದುಗ್ಧರಸ ಉಂಟಾಗುವುದನ್ನು ಕಡಿಮೆ ಮಾಡುತ್ತದೆ. ಅನೇಕ ಮಕ್ಕಳಲ್ಲಿ ಇದರಿಂದ ಸೋರಿಕೆ ತಗ್ಗಿದೆಯೆಂದು ವೈದ್ಯರು ವರದಿ ಮಾಡಿದ್ದಾರೆ. ಆದರೆ ನವಜಾತ ಶಿಶುಗಳಲ್ಲಿ ಇದರ ಬಳಕೆಯ ಬಗ್ಗೆ 2010ರಲ್ಲಿ ಪ್ರಕಟವಾದ, ಲಭ್ಯವಿರುವ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಪರಾಮರ್ಶೆಗೆ ಚೀಟಿ ಎತ್ತಿದಂತೆ ಮಕ್ಕಳನ್ನು ಎರಡು ಗುಂಪುಗಳಾಗಿ ಹಂಚಿ ಹೋಲಿಸಿದ ಒಂದು ಅಧ್ಯಯನವೂ ದೊರೆಯಲಿಲ್ಲ, ಆದ್ದರಿಂದ ಅದು ಖಚಿತ ಶಿಫಾರಸು ಮಾಡಲಿಲ್ಲ. ಹಾಗೆಂದು ಔಷಧಿ ನಿರರ್ಥಕವೆಂದಲ್ಲ. ಆಹಾರ ಬದಲಾವಣೆ ಸೋತಲ್ಲಿ, ಆಪರೇಷನ್ನಿಗೆ ಮುನ್ನ, ಕಣ್ಗಾವಲಿನಲ್ಲಿ ಕೊಟ್ಟು ನೋಡುವುದು ನನ್ನ ದೃಷ್ಟಿಯಲ್ಲಿ ನ್ಯಾಯವಾದ ತೀರ್ಮಾನ. ಕೊಡುವಾಗ ರಕ್ತದ ಸಕ್ಕರೆ, ಹೃದಯ ಬಡಿತ, ಥೈರಾಯ್ಡ್, ಯಕೃತ್ತಿನ ಪರೀಕ್ಷೆಗಳನ್ನು ಗಮನಿಸುತ್ತಿರಬೇಕು. ಹೊಟ್ಟೆ ಉಬ್ಬರಿಸಿದರೆ ಅಥವಾ ಮಲದಲ್ಲಿ ರಕ್ತ ಕಂಡರೆ ಕೂಡಲೇ ತಿಳಿಸಬೇಕು, ಏಕೆಂದರೆ ಎಳೆಯ ಕೂಸುಗಳಲ್ಲಿ ಕರುಳಿಗೆ ರಕ್ತ ಕಡಿಮೆಯಾಗಿ ಅಪಾಯವಾಗುವ ಸಂಭವವಿದೆ. ಕೆಲವು ದಿನಗಳಲ್ಲಿ ಫಲ ಕಾಣದಿದ್ದರೆ ತಿಂಗಳುಗಟ್ಟಲೆ ಮುಂದುವರಿಸುವುದರಲ್ಲಿ ಅರ್ಥವಿಲ್ಲ.

ಅದೂ ಸೋತರೆ ಮುಖ್ಯ ದುಗ್ಧನಾಳವನ್ನು ಎದೆಯ ಕೆಳಭಾಗದಲ್ಲಿ ಕಟ್ಟಿಬಿಡುವ ಆಪರೇಷನ್ ಇದೆ. ಕಟ್ಟಿದ ಮೇಲೆ ದುಗ್ಧರಸ ಬೇರೆ ಸಣ್ಣ ನಾಳಗಳ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಪೊವಿಡೋನ್ ಅಯೋಡಿನ್‌ನಂಥ ಔಷಧಿಯನ್ನು ಪೈಪಿನ ಮೂಲಕ ಹಾಕಿ ಶ್ವಾಸಕೋಶವನ್ನು ಎದೆಗೂಡಿನ ಒಳಗೋಡೆಗೆ ಅಂಟಿಸುವ ವಿಧಾನವೂ ಇದೆ. ಅದರಲ್ಲಿ ಥೈರಾಯ್ಡ್ ಮತ್ತು ಮೂತ್ರಪಿಂಡಗಳ ಮೇಲೆ ನಿಗಾ ಇಡಬೇಕು. ತೊಡೆಸಂದಿನ ದುಗ್ಧಗ್ರಂಥಿಗೆ ಬಣ್ಣದ್ರವ್ಯ ಹಾಕಿ ಎಂಆರ್‌ಐ ಅಥವಾ ಎಕ್ಸ್‌ರೇಯಲ್ಲಿ ಸೋರುವ ಜಾಗವನ್ನೇ ನೋಡಿ, ಸಾಧ್ಯವಾದರೆ ಸೂಕ್ಷ್ಮ ನಳಿಕೆಯಿಂದ ಆ ನಾಳವನ್ನು ಮುಚ್ಚುವ ಚಿಕಿತ್ಸೆ ಈಚಿನ ವರ್ಷಗಳಲ್ಲಿ ದೊಡ್ಡ ಕೇಂದ್ರಗಳಲ್ಲಿ ಬೆಳೆದಿದೆ. ದುಗ್ಧನಾಳಗಳೇ ಹುಟ್ಟಿನಿಂದ ವ್ಯಾಪಕವಾಗಿ ಕೆಟ್ಟಿರುವ ಕೆಲವು ಮಕ್ಕಳಿಗೆ ಸಿರೊಲಿಮಸ್ ಎಂಬ ಔಷಧಿಯನ್ನೂ ತಜ್ಞರು ಬಳಸುತ್ತಾರೆ. ಎಲ್ಲಿ ಸೋರುತ್ತಿದೆ ಎಂಬುದನ್ನು ನೋಡಿ ಚಿಕಿತ್ಸೆ ಆರಿಸುವುದು ನೋಡದೆ ಆರಿಸುವುದಕ್ಕಿಂತ ಮೇಲು, ಹಾಗಾಗಿ ಅಂಥ ಸೌಲಭ್ಯವಿರುವ ಕೇಂದ್ರದ ಅಭಿಪ್ರಾಯ ಪಡೆಯಬಹುದೇ ಎಂದು ಕೇಳಿ. ಮಗುವನ್ನು ಬೇರೆಡೆಗೆ ಸಾಗಿಸುವ ಮೊದಲು ವರದಿಗಳನ್ನು ಕಳುಹಿಸಿ ಮಾತನಾಡುವಂತೆ ನಿಮ್ಮ ವೈದ್ಯರನ್ನೇ ಕೋರಿ.

ಖರ್ಚಿನ ಚಿಂತೆಯೂ ನಿಮ್ಮ ಪತ್ರದಲ್ಲಿ ಇಣುಕುತ್ತಿದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆ ಮತ್ತು ಮಕ್ಕಳ ಹುಟ್ಟುದೋಷಗಳಿಗೆಂದು ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಅಡಿಯಲ್ಲಿ ಯಾವ ಚಿಕಿತ್ಸೆಗೆ ನೆರವು ಸಿಗುತ್ತದೆ ಎಂದು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಿ, ಪಡಿತರ ಚೀಟಿ, ಆಧಾರ್ ಪ್ರತಿಗಳನ್ನು ಕೈಯಲ್ಲಿಟ್ಟುಕೊಳ್ಳಿ. ಅನುಮತಿ ಪತ್ರವನ್ನು ಚಿಕಿತ್ಸೆಗೆ ಮೊದಲೇ ಪಡೆಯುವುದು ಒಳ್ಳೆಯದು.

ಪ್ರಶ್ನೆ: ನಮ್ಮ ಮಗುವಿಗೆ ಎಂಸಿಟಿ ಎಣ್ಣೆ ಬರೆದುಕೊಟ್ಟಿದ್ದಾರೆ. ಅದು ಬಹಳ ದುಬಾರಿ. ಕೊಬ್ಬರಿ ಎಣ್ಣೆಯಲ್ಲಿಯೂ ಅದೇ ಇದೆ ಎಂದು ಮೊಬೈಲಿನಲ್ಲಿ ಓದಿದೆ. ಅದನ್ನೇ ಹಾಕಬಹುದೇ?
– ಚಳ್ಳಕೆರೆ

ಉತ್ತರ: ಖಂಡಿತ ಹಾಕಬೇಡಿ. ಕೊಬ್ಬರಿ ಎಣ್ಣೆಯಲ್ಲಿ ಅರ್ಧದಷ್ಟು ಇರುವುದು ಲಾರಿಕ್ ಆಮ್ಲ. ಹೆಸರಿಗೆ ಅದನ್ನು ಮಧ್ಯಮ ಸರಪಳಿಯ ಗುಂಪಿಗೆ ಸೇರಿಸಿದರೂ ಅದರ ಬಹುಭಾಗ ದುಗ್ಧನಾಳದ ಮೂಲಕವೇ ಹೋಗುತ್ತದೆ. ನೇರವಾಗಿ ಯಕೃತ್ತಿಗೆ ಹೋಗುವ ಕ್ಯಾಪ್ರಿಲಿಕ್ ಮತ್ತು ಕ್ಯಾಪ್ರಿಕ್ ಆಮ್ಲಗಳು ಅದರಲ್ಲಿ ನೂರಕ್ಕೆ ಸುಮಾರು ಹದಿನೈದು ಪಾಲು ಮಾತ್ರ. ನಿಮ್ಮೂರಿನ ಶೇಂಗಾ ಎಣ್ಣೆಯಂತೂ ಪೂರ್ತಿ ಉದ್ದ ಸರಪಳಿಯದ್ದು. ಎಂಸಿಟಿ ಪುಡಿಯಾಗಲಿ ಎಣ್ಣೆಯಾಗಲಿ ಎಲ್ಲ ಮೆಡಿಕಲ್ ಶಾಪ್‌ಗಳಲ್ಲಿ ಸಿಗುವುದಿಲ್ಲ. ಬಿಡುಗಡೆಗೆ ಮುನ್ನವೇ ಎಷ್ಟು ಡಬ್ಬ ಬೇಕಾಗುತ್ತದೆಂದು ಲೆಕ್ಕ ಹಾಕಿ ತರಿಸಿಕೊಳ್ಳಿ. ಉಳಿಸಲೆಂದು ಪುಡಿಯನ್ನು ನೀರಾಗಿ ಕಲಸಬೇಡಿ. ಹೇಳಿದ ಅವಧಿ ಮೀರಿ ನೀವಾಗಿಯೇ ಮುಂದುವರಿಸಲೂ ಬೇಡಿ: ಬರಿಯ ಎಂಸಿಟಿಯಿಂದ ದೇಹಕ್ಕೆ ಅನಿವಾರ್ಯವಾದ ಕೊಬ್ಬಿನ ಆಮ್ಲಗಳು ಸಿಗುವುದಿಲ್ಲ, ಅವುಗಳ ಕೊರತೆಯಾದರೆ ಮಗುವಿನ ಚರ್ಮ ಒರಟಾಗಿ ಸಿಪ್ಪೆಯೇಳುತ್ತದೆ, ತೂಕ ಏರುವುದು ನಿಲ್ಲುತ್ತದೆ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ನಮ್ಮ ಹಳ್ಳಿಗೆ ಇಂಥ ಒಂದು ಮಗು ಐದು ತಿಂಗಳಿದ್ದಾಗ ಆಸ್ಪತ್ರೆಯಿಂದ ಬಂದಿದೆ. ಎದೆಯಲ್ಲಿ ಈಗ ನೀರಿಲ್ಲ, ಆದರೆ ಪುಡಿ ಹಾಲು ಇನ್ನೂ ನಡೆಯುತ್ತಿದೆ. ಅಜ್ಜಿಯವರು ಬಜೆ ತೇಯ್ದು ಬೆಣ್ಣೆಯಲ್ಲಿ ನೆಕ್ಕಿಸಬೇಕು, ಹರಳೆಣ್ಣೆ ಕುಡಿಸಬೇಕು ಎನ್ನುತ್ತಾರೆ. ನಾನು ಮನೆಗೆ ಹೋದಾಗ ಏನೇನು ನೋಡಬೇಕು?
– ಜಗಳೂರು ತಾಲ್ಲೂಕು

ಉತ್ತರ: ಅಮ್ಮಾ, ಇಂಥ ಮಗುವಿನ ಮನೆಗೆ ಹೋಗಿ ನೋಡುವವರು ನೀವೊಬ್ಬರೇ ಆಗಿರುತ್ತೀರಿ, ಆದ್ದರಿಂದ ನಿಮ್ಮ ಪ್ರಶ್ನೆಗೆ ನಾನು ಋಣಿ. ಬೆಣ್ಣೆ, ತುಪ್ಪ, ಹರಳೆಣ್ಣೆ ಯಾವುದನ್ನೂ ನೆಕ್ಕಿಸುವ ಹಾಗಿಲ್ಲ, ಒಂದು ಬೆರಳಿನಷ್ಟೂ ಬೇಡ. ಬಜೆ, ಜೇನು, ಹಸುವಿನ ಹಾಲು ಕೂಡ ಬೇಡ. ಅಜ್ಜಿಯ ಮನಸ್ಸನ್ನು ನೋಯಿಸದೆ, ಒಳಗಿನ ನಾಳ ಮಾಯುವವರೆಗೆ ಕೊಬ್ಬು ತಾಗಬಾರದು ಎಂದು ತಿಳಿಸಿ. ಹೊರಗಿನಿಂದ ಎಣ್ಣೆ ಹಚ್ಚಿ ನೀರು ಹಾಕುವುದಕ್ಕೆ ಗಾಯ ಪೂರ್ತಿ ಒಣಗಿದ ಮೇಲೆ ಅಡ್ಡಿಯಿಲ್ಲ. ಎದೆಯನ್ನು ಒತ್ತಿ ತಿಕ್ಕಬಾರದು, ಮೂಗಿಗೆ ಬಾಯಿಗೆ ಎಣ್ಣೆ ಬಿಡಬಾರದು.

ಪ್ರತಿ ಭೇಟಿಯಲ್ಲಿ ಮಗು ಶಾಂತವಾಗಿರುವಾಗ ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸಿ. ಎರಡು ತಿಂಗಳೊಳಗಿನ ಮಗುವಿಗೆ ನಿಮಿಷಕ್ಕೆ 60, ಎರಡರಿಂದ ಹನ್ನೆರಡು ತಿಂಗಳ ಮಗುವಿಗೆ 50, ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಹಾಲು ಕುಡಿಯುವಾಗ ನಡುನಡುವೆ ನಿಲ್ಲಿಸಿ ಏದುತ್ತಿದ್ದರೆ, ತುಟಿ ನೀಲಿಯಾದರೆ ಅಥವಾ ಮಗು ಮಂಕಾಗಿ ಮಲಗಿಯೇ ಇದ್ದರೆ ಬೆಳಗಾಗಲೆಂದು ಕಾಯದೆ 108ಕ್ಕೆ ಕರೆ ಮಾಡಿ. ನೀರು ಮತ್ತೆ ತುಂಬಿರುವುದು ಮೊದಲು ತಿಳಿಯುವುದು ಹೀಗೆಯೇ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ.

ಆರು ತಿಂಗಳು ತುಂಬಿ ಮೇಲಾಹಾರ ಆರಂಭಿಸುವ ಹೊತ್ತಿಗೂ ಕೊಬ್ಬಿನ ನಿರ್ಬಂಧ ಇದ್ದರೆ ರಾಗಿ ಸರಿ, ಅನ್ನದ ಗಂಜಿ, ಒಗ್ಗರಣೆ ಇಲ್ಲದ ತೊವ್ವೆ, ಬೇಯಿಸಿ ಮಸೆದ ತರಕಾರಿ, ಬಾಳೆಹಣ್ಣು ಕೊಡಬಹುದು. ತುಪ್ಪ, ಶೇಂಗಾ, ಮೊಟ್ಟೆಯ ಹಳದಿ ಭಾಗ ಬೇಡ. ಲಸಿಕೆಗಳನ್ನು ನಿಲ್ಲಿಸಬಾರದು, ಈ ಮಕ್ಕಳಿಗೆ ಅವು ಇನ್ನೂ ಹೆಚ್ಚು ಬೇಕು. ಆದರೆ ಆಸ್ಪತ್ರೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್ ಕೊಟ್ಟಿದ್ದರೆ ಒಂಬತ್ತನೆಯ ತಿಂಗಳಿನ ದಡಾರ–ರುಬೆಲ್ಲಾ ಲಸಿಕೆಯನ್ನು ಕೆಲವು ತಿಂಗಳು ಮುಂದೂಡಬೇಕಾಗಬಹುದು. ಲಿಂಫೋಸೈಟ್ ಬಹಳ ಇಳಿದಿದ್ದ ಮಗುವಿಗೆ ಜೀವಂತ ರೋಗಾಣುಗಳಿರುವ ಲಸಿಕೆ ಕೊಡುವ ಮುನ್ನವೂ ಮಕ್ಕಳ ತಜ್ಞರನ್ನು ಕೇಳಬೇಕು. ಅದಕ್ಕಾಗಿ ಬಿಡುಗಡೆ ಪತ್ರದ ಒಂದು ಪ್ರತಿಯನ್ನು ತಾಯಿ ಕಾರ್ಡಿನ ಜೊತೆಗೇ ಇಡಿಸಿ, ಲಸಿಕೆಯ ದಿನ ಮೊದಲು ಅದನ್ನೇ ತೋರಿಸುವಂತೆ ಮನೆಯವರಿಗೆ ಹೇಳಿ.